ರಾಜೇಶ್ವರಿ ತಂದ ನೀರು

ಮಂಗಳವಾರ, ಜುಲೈ 8

ದೀಪ ಹಚ್ಚಿ ಕೈಮುಗಿದರೂ ಮನಸ್ಸು ರಾಜೇಶ್ವರಿಯ ಮೇಲೆಯೇ ಇತ್ತು.

ಮುಂದೇನು ಓದಬೇಕೆಂದು ಮಕ್ಕಳಿಗೆ ತಿಳಿಸುವ ಶಿಬಿರ ಮೇ ತಿಂಗಳಲ್ಲಿ ನಡೆದಾಗ, ನರ್ಸಿಂಗ್ ಸೇರುತ್ತೇನೆಂದು ಎಲ್ಲರೆದುರು ಹೇಳಿದ್ದಳು. ಬಂದವರೆಲ್ಲ ಸೇರಿದರೋ ಇಲ್ಲವೋ ವಿಚಾರಿಸುವುದು ನನ್ನ ಕೆಲಸ. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಅವಳ ತಾಯಿ ಹುಸೇನಮ್ಮನೇ ಎತ್ತಿದಳು. ಅರ್ಜಿಗೆ ಶುಕ್ರವಾರವೇ ಕೊನೆ. ಅದಕ್ಕೇ ಇವತ್ತು ದೊಡ್ಡನೆಕ್ಕುಂದಿಯ ಅವರ ಬಾಡಿಗೆ ಕೋಣೆಗೇ ಹೋದೆ.

“ಆಕಿ ಊರಿಗೆ ಹೋಗ್ಯಾಳ್ರೀ ಅಕ್ಕಾ,” ಅಂದಳು ಹುಸೇನಮ್ಮ. ಒಳಗೆ ಬಳೆ ಸದ್ದಾಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗ ನಮ್ಮ ಮೇಷ್ಟ್ರು ಸೈಕಲ್ ತುಳಿದುಕೊಂಡು ಮನೆಗೆ ಬಂದಿದ್ದರು. “ಅಜ್ಜಿ ಮನೆಗ್ ಹೋಗವ್ಳೆ ಸಾಮಿ,” ಅಂದಿದ್ದಳು ಅವ್ವ. ನಾನು ರಾಗಿ ತುಂಬಿಟ್ಟ ಮಣ್ಣಿನ ವಾಡೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಆ ರಾಗಿಯ ವಾಸನೆ, ದೂರವಾಗುತ್ತಾ ಹೋದ ಸೈಕಲ್ಲಿನ ಕಿರುಗುಟ್ಟುವ ಸದ್ದು, ಎಲ್ಲ ಇವತ್ತು ಮತ್ತೆ ಬಂತು.

ಹೊಸಿಲು ದಾಟಿ ನೆಲದ ಮೇಲೇ ಕೂತುಬಿಟ್ಟೆ. “ಬಿಸಿಲಲ್ಲಿ ಬಂದಿದೀನವ್ವ, ಒಂದ್ ಲೋಟ ನೀರ್ ಕೊಡು.”

ನೀರು ಕೇಳಿದವರಿಗೆ ಇಲ್ಲ ಅನ್ನುವ ಜನ ಅಲ್ಲ ಅವರು. ಚೊಂಬು ಹಿಡಿದು ಹೊರಗೆ ಬಂದವಳು ರಾಜೇಶ್ವರಿ.

“ಊರಿಂದ ಯಾವಾಗ್ ಬಂದ್ಯೇ ತಾಯಿ?” ಅಂದೆ. ಹುಸೇನಮ್ಮನಿಗೂ ನಗು ತಡೆಯಲಾಗಲಿಲ್ಲ.

“ಅಪ್ಪ ಬ್ಯಾಡಂತಾನ್ರೀ,” ಅಂದಳು ಹುಡುಗಿ, ಮೆಲ್ಲಗೆ.

ನಾಳೆ ಸಂಜೆ ಅವನಿದ್ದಾಗ ಹೋಗುತ್ತೇನೆ. ಮುನೇಶ್ವರ ಸ್ವಾಮಿ ಅವನ ಮನಸ್ಸು ತಿರುಗಿಸಲಿ.

ನಮ್ಮ ಮನೆಯಲ್ಲೂ ಬಂದವರಿಗೆ ನೀರು ಕೊಡುವುದು ನನ್ನದೇ ಕೆಲಸವಾಗಿತ್ತು. ಮೇಷ್ಟ್ರು ಅವತ್ತು ಒಂದು ಲೋಟ ಕೇಳಿದ್ದರೆ ಸಾಕಿತ್ತು.