ಎಳೆಯ ನಕ್ಷತ್ರದ ಪಕ್ಕದಲ್ಲಿ

ಅಪ್ಪನವರಿಗೆ,

ನಿಮ್ಮ ಪತ್ರ ಸಿಕ್ಕಿತು. "ನಾನೀಗ ಮೊದಲಿನ ಹಾಗಿಲ್ಲಮ್ಮ, ಸಿಟ್ಟೆಲ್ಲ ಇಳಿದಿದೆ, ಮೊಮ್ಮಗಳನ್ನ ಒಂದ್ಸಲ ಎತ್ಕೊಳ್ತೀನಿ" ಅಂದಿದ್ದೀರಿ. ನಂಬುತ್ತೇನೆ.

ನನ್ನ ಕೆಲಸ ಏನೆಂದು ಕೇಳಿದ್ದೀರಿ. ಹೊಸದಾಗಿ ಹುಟ್ಟಿದ ಗ್ರಹಗಳನ್ನು ಹುಡುಕುವುದು. ಎಳೆಯ ನಕ್ಷತ್ರ ಸದಾ ಭುಗಿಲೇಳುತ್ತಿರುತ್ತದೆ. ಆ ಆರ್ಭಟವನ್ನು ಲೆಕ್ಕದಿಂದ ಕಳೆದರೆ ಮಾತ್ರ ಪಕ್ಕದ ಗ್ರಹ ಕಾಣುತ್ತದೆ. ನಿಮ್ಮ ಕೂಗಾಟವನ್ನು ಕಳೆದು ಅಮ್ಮನ ಉಸಿರು ಆಲಿಸುತ್ತ ಬೆಳೆದವಳಿಗೆ ಇದು ಬೇಗ ಕೈಹತ್ತಿತು. ವಯಸ್ಸಾದಂತೆ ನಕ್ಷತ್ರವೂ ಶಾಂತವಾಗುತ್ತದೆ. ಅಷ್ಟರಲ್ಲಿ ತೀರ ಹತ್ತಿರವಿದ್ದ ಗ್ರಹದ ಗಾಳಿಯೆಲ್ಲ ಹಾರಿಹೋಗಿ ಬರೀ ಬಂಡೆ ಉಳಿದಿರುತ್ತದೆ.

ಬರಬೇಡಿ. ನೀವು ಕಳಿಸಿದ ಗಿಲಕಿಯನ್ನು ವಾಪಸ್ ಕಳಿಸಿದ್ದೇನೆ. ಅಜ್ಜ ತೀರಿಕೊಂಡರು ಎಂದು ಮಗುವಿಗೆ ಹೇಳುತ್ತೇನೆ. ಗೋಡೆಗೆ ಹಾಕಲು ನೀವು ನಗುತ್ತಿರುವ ಫೋಟೊ ಇದ್ದರೆ ಕಳಿಸಿ. ನನ್ನ ಹತ್ತಿರ ಒಂದೂ ಇಲ್ಲ.

ನಿಮ್ಮ ಮಗಳು