ಸೀಟಿಗೆ ಚೀಲವಿಲ್ಲ

ತುಗೇಲಾ ಫೆರಿ
9 ಆಗಸ್ಟ್ 2023

ಮಗಳೇ ತೋಲಾಕೆಲೆ,

ಜೊಹಾನ್ಸ್‌ಬರ್ಗಿನಲ್ಲಿ ನೀನು, ನಿನ್ನ ಗಂಡ, ಮಕ್ಕಳು ನೆಟ್ಟಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ಇಲ್ಲಿ ನಿನ್ನ ಅಮ್ಮನ ಕಾಲಿನ ಬಾವು ಇಳಿದಿದೆ. ಕೆಂದ ಹಸು ಕರು ಹಾಕಿತು. ಕೊಳಾಯಿಯಲ್ಲಿ ಹನ್ನೊಂದು ದಿನದಿಂದ ನೀರಿಲ್ಲ. ನನಗೇನೂ ಆಗಿಲ್ಲ.

ನೀನು ಮೂರು ಸಲ ಫೋನ್ ಮಾಡಿ ಪ್ರಯಾಣ ಹೇಗಾಯಿತು ಎಂದು ಕೇಳಿದೆ. ಮೂರು ಸಲವೂ ನಾನು ಫೋನನ್ನು ನಿನ್ನ ಅಮ್ಮನ ಕೈಗೆ ಕೊಟ್ಟು ಎದ್ದು ಹೋದೆ. ನಿನಗೆ ಸಿಟ್ಟು ಬಂದಿದ್ದರೆ ಬರಲಿ, ತಪ್ಪು ನನ್ನದೇ. ಮನೆಯಲ್ಲಿರುವುದು ಒಂದು ಫೋನು, ಅದು ಅವಳ ಕೊರಳಲ್ಲಿ ದಾರ ಕಟ್ಟಿಕೊಂಡು ನೇತಾಡುತ್ತದೆ. ಇದು ಅವಳ ಮುಂದೆ ಆಡುವ ಮಾತಲ್ಲ. ಅದಕ್ಕೇ ಪೆನ್ನು ಹಿಡಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಕಷ್ಟಪಟ್ಟು ಓದಿಕೋ.

ಮೊದಲು ಬೈಯುವುದನ್ನು ಬೈದು ಮುಗಿಸುತ್ತೇನೆ. ಟಿಕೆಟ್ ಕೊಳ್ಳುವಾಗ ಕಣ್ಣು ಎಲ್ಲಿಟ್ಟಿದ್ದೆ? ನನಗೂ ನಿನ್ನ ಅಣ್ಣ ವೆಲಾಫಿಗೂ ಸೋಮವಾರ ಕೊಂಡೆ, ಇರುವುದರಲ್ಲೇ ಅಗ್ಗದ್ದು. ನಿನ್ನ ಸೋದರಮಾವ ಮುಜಿ ತಾನೂ ಬರುತ್ತೇನೆ ಎಂದದ್ದು ತಡವಾಗಿ. ಅವನಿಗೆ ಗುರುವಾರ ಕೊಳ್ಳುವ ಹೊತ್ತಿಗೆ ಅಗ್ಗದ್ದು ಮುಗಿದು ಒಂದು ಮೆಟ್ಟಿಲು ಮೇಲಿನದು ಸಿಕ್ಕಿತು. ಒಂದೇ ವಿಮಾನ, ಒಂದೇ ಸಾಲು, ಒಂದೇ ಮನೆಯವರು. ಮೂರು ಜನಕ್ಕೆ ಮೂರು ಚೀಲ ಎಂದು ನಾವು ಅಂದುಕೊಂಡೆವು. ಬಸ್ಸಿನಲ್ಲಿ ಹಾಗೇ ತಾನೇ? ವಿಮಾನದಲ್ಲಿ ಮನುಷ್ಯನನ್ನು ನೋಡಿ ಚೀಲ ಕೊಡುವುದಿಲ್ಲ, ಟಿಕೆಟ್ಟಿನ ಜಾತಿ ನೋಡಿ ಕೊಡುತ್ತಾರೆ. ನನ್ನದರ ಮೇಲೆ 'ಲೈಟ್' ಎಂದಿತ್ತು. ಮುಜಿ ಅದನ್ನು ಓದಿ, "ಭಾವಾ, ನಿಮ್ದೇ ವಾಸಿ ಬಿಡಿ. ಊರಲ್ಲಿ ದಿನಕ್ಕೆ ಆರು ಗಂಟೆ ಕರೆಂಟ್ ತೆಗೀತಾರೆ, ನಿಮ್ಗೆ ಆಕಾಶದಲ್ಲೂ ಲೈಟ್ ಐತೆ!" ಅಂದ. ಇಬ್ಬರೂ ನಕ್ಕೆವು. ಅದರ ಅರ್ಥ ಹಗುರ ಅಂತೆ. ಕೈಚೀಲ ಬಿಟ್ಟರೆ ಬೇರೇನೂ ಇಲ್ಲ, ಅದೂ ಏಳು ಕಿಲೋ.

ಹೋಗುವಾಗ ಬಸ್ಸಿನಲ್ಲಿ ಇಪ್ಪತ್ತಾರು ಗಂಟೆ ಕೂತೆವು. ಉಂಪಾಫ ಮರದ ಕೊಂಬೆಯನ್ನು ಇಲ್ಲಿಂದಲೇ ಕಡಿದು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಹೋಗುವಾಗ ಅದು ಬರೀ ಕೊಂಬೆ, ಬಾಯಿಗೆ ಕಟ್ಟಿಲ್ಲ. ಡ್ರೈವರಿಗೆ ಎರಡು ಸಲ ಬೈದೆ. ಬರುವಾಗಿನದೇ ಬೇರೆ. ನೀನು ಪಟ್ಟಣ ಸೇರಿ ಬಹಳ ಕಾಲವಾಯಿತು, ಮರೆತಿದ್ದರೆ ನೆನಪಿಸುತ್ತೇನೆ. ಪರಊರಿನಲ್ಲಿ ಸತ್ತವನ ಆತ್ಮವನ್ನು ಕೊಂಬೆಯ ಮೇಲೆ ಕರೆದುಕೊಂಡ ಮೇಲೆ, ಕೊಂಬೆ ಹಿಡಿದವನು ಅವನೊಬ್ಬನ ಹತ್ತಿರ ಮಾತ್ರ ಮಾತಾಡಬೇಕು. ಇದು ಬಾಗಿಲು, ಇದು ದಾರಿ, ಇದು ಹೊಳೆ ಎಂದು ಹೇಳುತ್ತಾ ಕರೆತರಬೇಕು. ಮನೆ ಮುಟ್ಟುವ ತನಕ ಬೇರೆ ಯಾರ ಹತ್ತಿರವೂ ಒಂದು ಮಾತು ಆಡಕೂಡದು. ಆಡಿದರೆ ಅವನು ಅಲ್ಲೇ ನಿಂತುಬಿಡುತ್ತಾನೆ. ಜನರ ಹತ್ತಿರ ಮಾತಾಡಲಿಕ್ಕೆಂದೇ ಮುಜಿ ಬಂದದ್ದು. ನನ್ನಂಥವನ ಬಾಯಿ ಒಂದು ಹಗಲು ಸುಮ್ಮನಿರುವುದೇ ಹೆಚ್ಚು ಎಂದು ನೀನು ವಿಮಾನ ಹಿಡಿಸಿದೆ. ನಿನ್ನ ಯೋಚನೆ ಸರಿಯಾಗಿಯೇ ಇತ್ತು.

ವೆಲಾಫಿ ಇದ್ದದ್ದು ಕೇಪ್‌ಟೌನಿನ ಹೊರಗೆ, ಫಿಲಿಪ್ಪಿಯಲ್ಲಿ, ಒಂದು ತಗಡಿನ ಕೋಣೆ. ನನ್ನ ಎರಡು ಹೆಜ್ಜೆಗೆ ಮುಗಿಯಿತು. ಮನೆಯೊಡತಿ ನೊಕ್ವಾಂಡಾ ಒಳ್ಳೆಯ ಹೆಂಗಸು. ನಾಲ್ಕು ತಿಂಗಳು ಕೆಮ್ಮಿದನಂತೆ. "ಊರಿಗೆ ಹೇಳಿ ಕಳಿಸ್ಲೇನಪ್ಪಾ ಅಂದ್ರೆ, 'ಬೇಡ ಅಕ್ಕಾ, ನಮ್ಮಪ್ಪ ಇನ್ನೂ ಬೈದು ಮುಗಿಸಿಲ್ಲ' ಅಂತಿದ್ದ" ಎಂದು ಹೇಳಿ ಅವಳು ನಕ್ಕಳು, ಆಮೇಲೆ ಅತ್ತಳು. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಅಲ್ಲಿಯವರೇ ಮಣ್ಣು ಮಾಡಿ ಎರಡು ಚಳಿಗಾಲ ಕಳೆದಿತ್ತು. ನಾನು ಅವನ ಹಾಸಿಗೆ ಇದ್ದ ಮೂಲೆಗೆ ಕೊಂಬೆ ತಾಗಿಸಿ, "ವೆಲಾಫಿ, ನಾನು ನಿಮ್ಮಪ್ಪ. ನಡಿ, ಮನೆಗೆ ಹೋಗೋಣ" ಅಂದೆ. ಒಂಬತ್ತು ವರ್ಷದಿಂದ ಅವನೊಬ್ಬನ ಹತ್ತಿರ ಮಾತು ಬಿಟ್ಟಿದ್ದವನು ಆ ಹೊತ್ತಿನಿಂದ ಅವನೊಬ್ಬನ ಹತ್ತಿರವೇ ಮಾತಾಡಬೇಕಾಯಿತು.

ಹೊರಡುವಾಗ ನೊಕ್ವಾಂಡಾ ಅವನ ಸಾಮಾನಿನ ಚೀಲ ಕೊಟ್ಟಳು. ವೆಲ್ಡಿಂಗ್ ಮುಖವಾಡ, ಎರಡು ಕೋಟು, ಮೂತಿಗೆ ಕಬ್ಬಿಣ ಹಾಕಿದ ಬೂಟು, ಕಂಬಳಿ, ಸುತ್ತಿಗೆ ಇಕ್ಕಳ, ಮೂರು ಕಾಲಿನ ಕಬ್ಬಿಣದ ಪಾತ್ರೆ. ಡರ್ಬನ್ ಬಂದರಿನಲ್ಲಿ ಇಪ್ಪತ್ತೆಂಟು ವರ್ಷ ಮೂಟೆ ಹೊತ್ತವನು ನಾನು. ಎತ್ತಿದ ಕೂಡಲೇ ಮೂವತ್ತೊಂದು ಕಿಲೋ ಎಂದು ಗೊತ್ತಾಯಿತು. ಹೇಳುವ ಹಾಗಿಲ್ಲ, ಸುಮ್ಮನೆ ಮುಜಿಯ ಹೆಗಲಿಗೆ ಹೊರಿಸಿದೆ. ವಿಮಾನ ನಿಲ್ದಾಣಕ್ಕೆ ಹೋದ ಟ್ಯಾಕ್ಸಿಯವನು ಕೊಂಬೆ ನೋಡಿದ. ಹಾಡು ನಿಲ್ಲಿಸಿ, ನನ್ನ ಪಕ್ಕದ ಸೀಟು ಖಾಲಿ ಬಿಡಿಸಿದ.

ಕೌಂಟರಿನಲ್ಲಿದ್ದ ಹುಡುಗಿ ಕೋಸಾ ಜನದವಳು. ಚೀಲವನ್ನು ತಕ್ಕಡಿಯ ಮೇಲೆ ಇಟ್ಟೆವು, ಮೂವತ್ತೊಂದು ತೋರಿಸಿತು.

"ಈ ಮಾವಂದು ಇಪ್ಪತ್ತು ಕಿಲೋ ಟಿಕೆಟ್. ತಾತಂದು ಲೈಟ್, ಅದಕ್ಕೆ ದೊಡ್ಡ ಚೀಲ ಇಲ್ಲ" ಅಂದಳು.

"ಇಬ್ರೂ ಒಂದೇ ಮನೆಯೋರು ಕಣಮ್ಮಾ. ನಂದ್ರಲ್ಲಿ ಇಷ್ಟು, ಅವರದ್ರಲ್ಲಿ ಇಷ್ಟು ಅಂತ ಹಂಚ್ಕೊಂಡ್ರಾಯ್ತು" ಎಂದ ಮುಜಿ.

"ಒಂದೇ ಸಲ ಕೊಂಡಿದ್ರೆ ಒಂದೊಂದ್ಸಲ ಆಗುತ್ತೆ ಮಾವ. ನಿಮ್ದು ಬೇರೆ ಬುಕಿಂಗ್, ತಾತಂದು ಬೇರೆ. ಕಂಪ್ಯೂಟರ್‌ಗೆ ನೀವಿಬ್ರೂ ಪರಿಚಯನೇ ಇಲ್ಲ."

"ಮೂರನೇ ಟಿಕೆಟ್ ಐತಲ್ಲ, ಅದರದ್ದು ಕೊಡು."

"ಅದು ಹೆಚ್ಚುವರಿ ಸೀಟು ಅಷ್ಟೇ. ಗಿಟಾರ್ ಇಟ್ಕೊಳ್ಳೋರು ಕೊಳ್ತಾರಲ್ಲ, ಆ ಥರದ್ದು. ಸೀಟಿಗೆ ಚೀಲ ಇಲ್ಲ."

"ಸೀಟಿಗೆ ಬೇಡ ಕಣಮ್ಮಾ. ಅದರಲ್ಲಿ ಕೂರೋನಿಗೆ?"

"ಯಾರು ಕೂರ್ತಾರೆ?"

ಮುಜಿ ಗಲ್ಲ ಎತ್ತಿ ನನ್ನ ಕೈಯ ಕೊಂಬೆಯನ್ನು ತೋರಿಸಿದ. ಹುಡುಗಿ ಎದ್ದು ನಿಂತಳು. ಎರಡು ಕೈ ಜೋಡಿಸಿ, ತಲೆ ಬಗ್ಗಿಸಿ, "ಕ್ಷಮಿಸಿ ತಾತ, ನೋಡ್ಲಿಲ್ಲ" ಅಂದಳು. ಅವಳಿಗೆ ಗೊತ್ತಾಯಿತು, ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ದುಡ್ಡು ಕಟ್ಟಿದರೆ ಹೋಗುತ್ತದೆ, ಆದರೆ ಇಲ್ಲಿ ಕಟ್ಟುವುದು ನಿಮ್ಮ ಟಿಕೆಟ್ಟಿಗಿಂತ ಜಾಸ್ತಿ ಎಂದಳು. ಆಮೇಲೆ ಮುಂದೆ ಬಗ್ಗಿ ಮೆಲ್ಲಗೆ, "ಮೈಮೇಲೆ ಹಾಕ್ಕೊಂಡಿದ್ದನ್ನ ನಾವು ತೂಕ ಮಾಡಲ್ಲ ತಾತ" ಅಂದಳು.

ಹೀಗಾಗಿ ಆ ಹೊಳೆಯುವ ನೆಲದ ಮೇಲೆ, ನೂರು ಜನರ ಕಾಲ ಬಳಿ, ನಿನ್ನ ಅಣ್ಣನ ಚೀಲ ಬಿಚ್ಚಿ ಕೂತೆ. ಮುಜಿಯನ್ನು ಕೇಳುವ ಹಾಗಿಲ್ಲ. ಅವನನ್ನೇ ಕೇಳಿದೆ. "ವೆಲಾಫಿ, ಕಂಬಳಿ ಮಾವನ ಚೀಲಕ್ಕೆ ಹಾಕ್ಲಾ? ಸುತ್ತಿಗೆ ಇಕ್ಕಳ ಬಿಡಕ್ಕಾಗಲ್ಲ, ಅದು ನಿನ್ನ ಅನ್ನ. ಮುಖವಾಡ ನನ್ನ ಕೈಚೀಲಕ್ಕೆ ಹಿಡಿಸುತ್ತೆ. ಬೂಟು ನಾನು ಹಾಕ್ಕೋತೀನಿ ಕಣಪ್ಪಾ, ನನ್ನ ಚಪ್ಪಲಿ ಬಿಸಾಕ್ತೀನಿ." ಒಂದರ ಮೇಲೊಂದು ಎರಡು ಕೋಟನ್ನೂ ತೊಟ್ಟೆ. ಒಳಗಿನದರ ತೋಳಿನಲ್ಲಿ ಅವನ ವಾಸನೆ ಇತ್ತು, ಹೊಗೆ ಮತ್ತು ಕೆಮ್ಮಿನ ಔಷಧಿ. ಅವನು ನನಗಿಂತ ಎತ್ತರ ಬೆಳೆದಿದ್ದ ಎಂದು ನನಗೆ ಗೊತ್ತಿರಲಿಲ್ಲ; ತೋಳು ಬೆರಳ ತುದಿ ದಾಟಿತು. ಕೊನೆಗೆ ಪಾತ್ರೆ ಉಳಿಯಿತು. ಎಲ್ಲಿಟ್ಟರೂ ಹೆಚ್ಚು. ಕಸ ಗುಡಿಸುವ ಹೆಂಗಸೊಬ್ಬಳು ಬಂದು, "ಅಪ್ಪಾ, ಬಿಟ್ಟು ಹೋಗ್ತೀರಾ? ನಾನು ತಗೊಳ್ಲಾ?" ಎಂದು ಕೇಳಿದಳು. "ವೆಲಾಫಿ, ಈಯಮ್ಮ ನಿನ್ನ ಪಾತ್ರೆ ಕೇಳ್ತಿದ್ದಾಳೆ, ಕೊಡ್ಲಾ?" ಅಂದೆ. ಸ್ವಲ್ಪ ಹೊತ್ತು ನೋಡಿ ಕೊಟ್ಟೆ. ತೋಲಾ, ಅವನು ಬದುಕಿದ್ದಾಗ ಒಂದು ಸಲವೂ ಅವನನ್ನು ಕೇಳಿ ನಾನು ಏನನ್ನೂ ಮಾಡಿದವನಲ್ಲ.

ಹತ್ತಿಸುವಾಗಲೂ ಜಾತಿ ನೋಡಿಯೇ ಹತ್ತಿಸುತ್ತಾರೆ. ಮುಜಿಯ ಗುಂಪನ್ನು ಮೊದಲು ಕರೆದರು. "ನಮ್ ಭಾವನ್ನ ಬಿಟ್ಟು ಹೋಗಲ್ಲ" ಎಂದು ಅವನು ಜಗಳ ತೆಗೆದ. "ಲೈಟ್‌ನೋರು ಕೊನೆಗೆ. ನೀವು ನಡೀರಿ, ಹಿಂದೆ ಜನ ನಿಂತಿದ್ದಾರೆ" ಎಂದು ಅವನನ್ನು ಮುಂದಕ್ಕೆ ನೂಕಿಯೇಬಿಟ್ಟರು. ನಾನು ಕೊನೆಗೆ ಹತ್ತಿದೆ. ಕೊಂಬೆಯನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಮುಜಿ ಬೆಲ್ಟು ಹಾಕಿದ.

ಡರ್ಬನಿನಿಂದ ಬಾಡಿಗೆ ವ್ಯಾನು. ತುಗೇಲಾ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, "ವೆಲಾಫಿ, ಹೊಳೆ ದಾಟ್ತಿದ್ದೀವಿ" ಎಂದು ಹೇಳಿದೆ. ನಿನ್ನ ಅಮ್ಮ ಬೇಲಿಯ ಹತ್ತಿರ ನಿಂತಿದ್ದಳು. ಎರಡು ಕೋಟು ಹಾಕಿ ಆ ಬೂಟಿನಲ್ಲಿ ಇಳಿದ ನನ್ನನ್ನು ಕಂಡು, ಒಂದು ಗಳಿಗೆ, ನಾನು ಅವನೇ ಅಂದುಕೊಂಡಳು. ಅವಳ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಕೊಂಬೆಯನ್ನು ಗುಡಿಸಲಿನೊಳಗೆ ಹಿಂಗೋಡೆಯ ಬಳಿ, ಹಿರಿಯರ ಜಾಗದಲ್ಲಿ ಇಟ್ಟೆವು. ಮೇಕೆ ಕಡಿದೆವು. ಅವಳು ಮಾಡಿದ ಬಿಯರು ನೆರೆಯವರಿಗೆಲ್ಲ ಸಾಕಾಯಿತು. ನಿನ್ನ ಅಣ್ಣ ಕೋಟಿಲ್ಲದೆ ಚಳಿಯಲ್ಲಿ ನಿಂತಿದ್ದಾನೆ ಎಂದು ಅವಳಿಗೆ ದಿನಾ ಬೀಳುತ್ತಿದ್ದ ಕನಸು ಅವತ್ತಿನಿಂದ ನಿಂತಿದೆ. "ಮಗ ಬಂದ, ಇನ್ನು ನಾನು ನಿದ್ದೆ ಮಾಡ್ತೀನಿ" ಅಂದಳು. ಮಾಡುತ್ತಿದ್ದಾಳೆ, ಗೊರಕೆ ಹೊಡೆದು.

ಇಷ್ಟೇ ಸುದ್ದಿ. ಮಕ್ಕಳ ತಲೆ ಸವರು. ನಿನ್ನ ಗಂಡನಿಗೆ ಕೆಲಸ ನಿಲ್ಲಲಿ, ನಿನಗೆ ಮೈಯಲ್ಲಿ ಬಲ ಇರಲಿ, ನಮ್ಮ ಹಿರಿಯರು ನಿನ್ನ ಬಾಗಿಲು ಕಾಯಲಿ. ಟಿಕೆಟ್ಟಿನ ವಿಷಯಕ್ಕೆ ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಿನ್ನ ಅಪ್ಪ,
ಮೀಷಾಕ್ ಸಿತೋಲೆ

ಮರೆತ ಮಾತು: ಮರೆತದ್ದಲ್ಲ. ಕೊನೆಗೆ ಹತ್ತಿದೆ ಎಂದು ಮೇಲೆ ಬರೆದೆ. ಹತ್ತುವ ಮೊದಲು ಆದದ್ದನ್ನು ಬರೆಯಲಿಲ್ಲ.

ಮುಜಿ ಹೋದ ಮೇಲೆ ಸಾಲಿನಲ್ಲಿ ನಾನೊಬ್ಬನೇ ಮಾತು ಬಾರದವನು. ಬಾಗಿಲಲ್ಲಿ ಚೀಟಿ ನೋಡುವ ಗಂಡಸು, "ಅಜ್ಜಾ, ಇಲ್ಲಿ ಎರಡು ಸೀಟು ತೋರಿಸ್ತಿದೆ. ಇನ್ನೊಬ್ರೆಲ್ಲಿ?" ಅಂದ. ಕೊಂಬೆ ತೋರಿಸಿದೆ. "ಇದೇನು, ಸೌದೆನಾ? ವಿಮಾನದಲ್ಲಿ ಒಲೆ ಹಚ್ತೀರಾ?" ಅಂದ. ಹಿಂದಿನವರು ನಕ್ಕರು. ತಡೆದುಕೊಂಡೆ. ಎರಡು ಕೋಟಿನೊಳಗೆ ಬೆವರು ಇಳಿಯುತ್ತಿತ್ತು. "ಕಿವಿ ಕೇಳಲ್ವಾ? ಇಬ್ರಿದ್ರೆ ಅವರನ್ನ ಕರೀರಿ, ಒಬ್ರೇ ಆದ್ರೆ ಒಬ್ರೇ ಅನ್ನಿ. ಬಾಗಿಲು ಹಾಕ್ಬೇಕು" ಎಂದು ನನ್ನ ಎದೆಯ ಮೇಲೆ ಬೆರಳು ಇಟ್ಟ. ಆಗ ನನ್ನ ಬಾಯಿ ಹರಿಯಿತು. "ಒಬ್ನೇ ಕಣೋ! ಕಣ್ಣು ಕಾಣಲ್ವಾ? ನನ್ನ ಜೊತೆ ಯಾರೂ ಇಲ್ಲ, ನಾನೊಬ್ನೇ!" ಎಂದು ಕೂಗಿದೆ. "ಅಷ್ಟು ಹೇಳೋಕೆ ಇಷ್ಟೊತ್ತಾ" ಎಂದು ಅವನು ಒಂದು ಚೀಟಿ ನನಗೆ ಕೊಟ್ಟು ಇನ್ನೊಂದನ್ನು ಹರಿದು ಹಾಕಿದ.

ಮಾತಾಡಿದ್ದೇ ತಪ್ಪು. ಆಡಿದ ಮಾತು ನೋಡು.

ಆಮೇಲೆ ಕಿಟಕಿ ಪಕ್ಕ ಕೂರಿಸಿದ್ದು ಬರೀ ಕಟ್ಟಿಗೆ. ಹೊಳೆ ದಾಟುತ್ತಿದ್ದೇವೆ ಎಂದು ಹೇಳಿದ್ದು ಕಟ್ಟಿಗೆಗೆ. ಮೇಕೆ ಕಡಿದದ್ದು ಕಟ್ಟಿಗೆಗೆ. ಮುಜಿಗೆ ಗೊತ್ತಿಲ್ಲ. ನಿನ್ನ ಅಮ್ಮನಿಗೆ ಹೇಳಿದರೆ ಅವಳ ನಿದ್ದೆ ಹೋಗುತ್ತದೆ, ಹೇಳದಿದ್ದರೆ ಅವನು ಅಲ್ಲೇ ಇರುತ್ತಾನೆ. ಕರೆದರೆ ಬರುತ್ತಾನೋ ಇಲ್ಲವೋ, ನನ್ನ ಬಾಯಿಂದ ಆ ಮಾತು ಕೇಳಿಸಿಕೊಂಡಿದ್ದಾನೆ. ಆದರೂ ಹೋಗಬೇಕು. ಕಣ್ಣಾಸ್ಪತ್ರೆಗೆ ಎಂದು ಅಮ್ಮನಿಗೆ ಹೇಳುತ್ತೇನೆ. ಈ ಸಲ ನೀನು ಬಾ, ಕೊಂಬೆ ನೀನೇ ಹಿಡಿ, ಹೆಣ್ಣು ಹಿಡಿಯಬಾರದು ಅನ್ನುವವರನ್ನು ನಾನು ನೋಡಿಕೊಳ್ಳುತ್ತೇನೆ. ಅವನನ್ನು ಬಿಟ್ಟದ್ದು ಆ ತಗಡಿನ ಕೋಣೆಯಲ್ಲಲ್ಲ, ವಿಮಾನದ ಬಾಗಿಲಲ್ಲಿ. ಅಲ್ಲಿಯ ತನಕ ಟಿಕೆಟ್ ಇಲ್ಲದವರನ್ನು ಬಿಡುವುದಿಲ್ಲ. ಅಗ್ಗದ್ದೇ ಸಾಕು, ಚೀಲ ಇಲ್ಲ. ನಿನ್ನದು, ನನ್ನದು, ಅವನದು, ಮೂರನ್ನೂ ಒಂದೇ ಸಲ ಕೊಳ್ಳು.