ಜಿಪ್ ಇಲ್ಲದ ಪ್ಯಾಂಟು

ಮಾರ್ಚ್ ೧೨, ಗುರುವಾರ

ಹಡಗಿನ ಬಾಡಿಗೆ ಏರಿ ಹೊರದೇಶದ ಜಿಪ್ ಬರಲೇ ಇಲ್ಲ. ಸೋಮವಾರದೊಳಗೆ ಮಾದರಿ ಒಪ್ಪಿಗೆಯಾಗದಿದ್ದರೆ ನಾದಿನಿ ಶೀಲಾಳ ಜೀನ್ಸ್ ಘಟಕಕ್ಕೆ ದೊಡ್ಡ ಗಿರಾಕಿ ತಪ್ಪುತ್ತಿದ್ದ. ಕುರುಗೋಡಿನಿಂದ ಹೊಲಿಯಲು ಬರುವ ವೀರಭದ್ರಮ್ಮನೇ ದಾರಿ ತೋರಿಸಿದಳು.

"ಗುಂಡಿ ಹಚ್ಚೋಣ್ರಿ ಅಕ್ಕಾರ. ನಮ್ಮಪ್ಪನ ಚಡ್ಡಿಗೆ ಜಿಪ್ ಎಲ್ಲಿತ್ತು?"

"ನಿಮ್ಮಪ್ಪನ ಚಡ್ಡಿ ಮಾರಾಕ ಕುಂತೀನೇನವ್ವ ನಾನು?" ಎಂದು ಶೀಲಾ ರೇಗಿದರೂ ಗುಂಡಿಯನ್ನೇ ಹಾಕಿಸಿದಳು.

ಇವತ್ತು ಒಪ್ಪಿಗೆ ಬಂತು. ಪದ್ಯದ ಸಾಲನ್ನು ಛಂದಸ್ಸು ತಿದ್ದುವ ಹಾಗೆ, ಬಳ್ಳಾರಿಯ ಪ್ಯಾಂಟನ್ನು ಕಾಣದ ಸಮುದ್ರವೊಂದು ತಿದ್ದಿತು. ಮಾದರಿಯ ಕೊನೆಯ ಗುಂಡಿ ಹಚ್ಚಿದವಳು ನಾನು. ಅದು ಸೊಟ್ಟಗಾಗಿತ್ತು, ಯಾರಿಗೂ ಹೇಳಿರಲಿಲ್ಲ. ಗಿರಾಕಿಗೆ ಎಲ್ಲ ಪ್ಯಾಂಟಿಗೂ ಅದೇ ಸೊಟ್ಟ ಬೇಕಂತೆ! ನಾಳೆ ವೀರಭದ್ರಮ್ಮನಿಗೆ ಸೊಟ್ಟ ಹಚ್ಚುವುದನ್ನು ನಾನೇ ಕಲಿಸಬೇಕು. ನಗು ಬಂದು ಅಕ್ಷರವೂ ಸೊಟ್ಟ...